ಆಲಾಪದ ನಡುವೆ ಫ್ಯಾನ್ ಸದ್ದು ಬೇಡ: ಹೋಮ್ ಥಿಯೇಟರ್‌ಗೆ ಎಂಥ ಮಿನಿ ಪಿಸಿ ತಗೋಬೇಕು?

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಮನೆ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ, 5.1 ರಿಸೀವರ್, ಸ್ಪೀಕರ್ ಎಲ್ಲಾ ಇವೆ. ಅಪ್ಪ ಧಾರವಾಡ ಆಕಾಶವಾಣಿಯಿಂದ ಕ್ಯಾಸೆಟ್‌ಗೆ ಹಿಡಿದಿಟ್ಟ ಹಿಂದೂಸ್ತಾನಿ ಕಛೇರಿಗಳನ್ನು ಈಗ ಫೈಲ್ ಮಾಡಿಸಿದ್ದೇವೆ. ನಾವು ಕೊಂಡ ಡಿವಿಡಿ, ಬ್ಲೂರೇ ಸಿನಿಮಾಗಳೂ ಹಾರ್ಡ್‌ಡಿಸ್ಕ್‌ನಲ್ಲಿವೆ. ಎಲ್ಲವನ್ನೂ ಒಂದು ಹಳೆಯ ಲ್ಯಾಪ್‌ಟಾಪ್‌ನಿಂದ ಹಚ್ಚುತ್ತೇವೆ. ಆಲಾಪ ಶುರುವಾಯಿತು ಅನ್ನುವಷ್ಟರಲ್ಲಿ ಅದರ ಫ್ಯಾನ್ ಗುಂಯ್ ಅನ್ನುತ್ತದೆ. ಅಪ್ಪನಿಗೆ ಅದೇ ಕಿರಿಕಿರಿ. ಸದ್ದು ಮಾಡದ ಮಿನಿ ಪಿಸಿ ತಗೋಬೇಕು ಅಂತಿದ್ದೇನೆ. ಬಜೆಟ್ 25ರಿಂದ 30 ಸಾವಿರ. ಕೊಪ್ಪಿಕರ ರಸ್ತೆಯ ಅಂಗಡಿಯೊಂದರಲ್ಲಿ ಸೆಕೆಂಡ್‌ಹ್ಯಾಂಡ್ ಐ5, ಆರನೇ ಜನರೇಷನ್‌ನ ಪುಟ್ಟ ಡಬ್ಬಿ ತೋರಿಸಿದರು. ಮಗ ರೈಸನ್ 7 ಚಿಪ್ ಇರುವುದು ತಗೋ ಅಂತಾನೆ. ಗೆಳೆಯರು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು ಅಂತಾರೆ. ಫ್ಯಾನ್ ಇರುವುದು ತಗೋಬೇಕೋ, ಇಲ್ಲದ್ದೋ? ಫ್ಯಾನ್ ಇಲ್ಲದ್ದು ನಮ್ಮ ಬೇಸಿಗೆ ತಡೆಯುತ್ತದಾ? ಹಳೆಯ ಲ್ಯಾಪ್‌ಟಾಪ್ ಏನು ಮಾಡಲಿ?

ಉತ್ತರ: ಮೊದಲು ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ರೇಡಿಯೋ ಮುಂದೆ ಕೂತು, ಕ್ಯಾಸೆಟ್ ಮಗುಚಿ ಹಾಕುತ್ತಾ ಹಿಡಿದಿಟ್ಟ ಸಂಗೀತ ಅದು. ಅದನ್ನು ಕೇಳಲು ಅವರಿಗೆ ಬೇಕಿರುವುದು ಸದ್ದಿಲ್ಲದ ಒಂದು ಹಾಲ್. ಅದು ನಿಮ್ಮ ಬಜೆಟ್‌ನಲ್ಲೇ ಆಗುವ ಕೆಲಸ.

ನೇರವಾಗಿ ಹೇಳಿಬಿಡುತ್ತೇನೆ. ಇಂಟೆಲ್ ಎನ್100 ಅಥವಾ ಎನ್150 ಚಿಪ್ ಇರುವ, ಫ್ಯಾನ್ ಇಲ್ಲದ ಮಿನಿ ಪಿಸಿ ತಗೊಳ್ಳಿ. 8 ಜಿಬಿ ರ‍್ಯಾಮ್ ಸಾಕು. ಒಳಗೆ ಎಸ್‌ಎಸ್‌ಡಿ ಇರಲಿ, ಸಣ್ಣದಾದರೂ ನಡೆಯುತ್ತದೆ. ಅದನ್ನು ಟಿವಿ ಕಪಾಟಿನ ಒಳಗೆ ಮುಚ್ಚಿಡಬೇಡಿ, ಗಾಳಿಯಾಡುವ ಕಡೆ ಇಡಿ. ಹಾರ್ಡ್‌ಡಿಸ್ಕ್ ಅನ್ನು ಹಾಲ್‌ನಿಂದ ಆಚೆ ಕಳಿಸಿ. ಇದೇ ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಅಂಗಡಿಯಲ್ಲಿ ಬೇರೆ ಮಾಡೆಲ್ ತೋರಿಸಿದರೂ ನೀವೇ ಅಳೆದು ನೋಡಬಹುದು.

ಸದ್ದಿನ ಮೂಲ ಫ್ಯಾನ್ ಅಲ್ಲ, ಬಿಸಿ. ಚಿಪ್ ಎಷ್ಟು ವ್ಯಾಟ್ ಕರೆಂಟ್ ತಿನ್ನುತ್ತದೋ ಅಷ್ಟೂ ಬಿಸಿಯಾಗಿ ಹೊರಗೆ ಬರಲೇಬೇಕು. ಪುಟ್ಟ ಡಬ್ಬಿಯಲ್ಲಿ ದೊಡ್ಡ ಫ್ಯಾನ್ ಹಿಡಿಸುವುದಿಲ್ಲ. ಸಣ್ಣ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಬೇಕು. ವೇಗಕ್ಕೂ ಸದ್ದಿಗೂ ಇರುವ ಲೆಕ್ಕ ಬಹಳ ಕಡಕ್. ಅದೇ ಫ್ಯಾನ್‌ನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೆ ಸಾಕು, ನಮ್ಮ ಕಿವಿಗೆ ಸದ್ದು ಅರ್ಧ ಆದಂತೆ ಅನಿಸುತ್ತದೆ. ಹಾಗಾಗಿ ಬಿಸಿಯನ್ನು ಸ್ವಲ್ಪ ಕಡಿಮೆ ಮಾಡಿದರೂ ಕಿವಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ.

ಅಪ್ಪನಿಗೆ ಆಲಾಪದಲ್ಲೇ ಯಾಕೆ ಜಾಸ್ತಿ ಕಿರಿಕಿರಿ ಅನ್ನುವುದಕ್ಕೂ ಕಾರಣವಿದೆ. ಏಳು ರೆಕ್ಕೆಯ ಒಂದು ಪುಟ್ಟ ಫ್ಯಾನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 50 ಸುತ್ತು, ಏಳು ರೆಕ್ಕೆ. ಅಲ್ಲಿಗೆ 350 ಹರ್ಟ್ಸ್‌ನ ಒಂದು ನಾದ ಹುಟ್ಟುತ್ತದೆ. ಅದು ಹಾಡುವವರ ಕಂಠ ಓಡಾಡುವ ಜಾಗದಲ್ಲೇ ಬರುತ್ತದೆ. ತಂಬೂರಿ ಷಡ್ಜ ಹಿಡಿದು ನಿಂತಿರುವಾಗ ಪಕ್ಕದಲ್ಲಿ ಇನ್ನೊಂದು ನಾದ ಬೇಸುರಾಗಿ ನಿಂತಿರುತ್ತದೆ. ಸಂಗೀತ ಗೊತ್ತಿರುವ ಕಿವಿಗೆ ಅದು ಬರೀ ಸದ್ದಲ್ಲ, ತಪ್ಪು ಸ್ವರ. ಫ್ಯಾನ್ ಏರಿಳಿದರೆ ಇನ್ನೂ ಕಷ್ಟ. ಸ್ವರ ಮೇಲೆ ಕೆಳಗೆ ಜಾರುತ್ತಾ ಇರುತ್ತದೆ. ಒಂದೇ ವೇಗದಲ್ಲಿ ತಿರುಗುವ ಫ್ಯಾನ್‌ಗೆ ಕಿವಿ ಹೊಂದಿಕೊಳ್ಳುತ್ತದೆ, ಏರಿಳಿಯುವುದಕ್ಕೆ ಹೊಂದಿಕೊಳ್ಳುವುದಿಲ್ಲ. ಜೊತೆಗೆ ಕ್ಯಾಸೆಟ್‌ನಿಂದ ಬಂದ ಧ್ವನಿಮುದ್ರಣದ ಮಟ್ಟ ಒಂದೊಂದರದ್ದು ಒಂದೊಂದು ಥರ. ಮೆಲ್ಲಗಿನ ವಿಲಂಬಿತ್ ನಡೆಯುವಾಗ ಹಾಲ್ ಪೂರ್ತಿ ಸುಮ್ಮನಿರುತ್ತದೆ. ಸಿನಿಮಾದ ಹೊಡೆದಾಟದಲ್ಲಿ ಯಾವ ಫ್ಯಾನೂ ಕೇಳಿಸದು, ಇಲ್ಲಿ ಎಲ್ಲವೂ ಕೇಳಿಸುತ್ತದೆ.

ಈಗ ಚಿಪ್ ವಿಷಯ. ವಿಡಿಯೋ ಫೈಲ್ ಅಂದರೆ ಒತ್ತಿ ಚಿಕ್ಕದು ಮಾಡಿಟ್ಟ ಚಿತ್ರ. ತೆರೆಗೆ ತರುವಾಗ ಅದನ್ನು ಬಿಡಿಸಬೇಕು. ಚಿಪ್‌ನಲ್ಲಿ ಇದಕ್ಕೆಂದೇ ಒಂದು ಭಾಗ ಇರುತ್ತದೆ. ಆ ಭಾಗಕ್ಕೆ ನಿಮ್ಮ ಫೈಲ್‌ನ ಮಾದರಿ ಗೊತ್ತಿದ್ದರೆ ಕೆಲಸ ಕೆಲವೇ ವ್ಯಾಟ್‌ನಲ್ಲಿ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ಆ ಹೊರೆಯೆಲ್ಲ ಪ್ರೊಸೆಸರ್ ತಲೆಗೆ ಬರುತ್ತದೆ, ಡಬ್ಬಿ ಕಾದು ಫ್ಯಾನ್ ಕೂಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ಹಾಕಿದಾಗ ಆಗುತ್ತಿರುವುದು ಬಹುಶಃ ಇದೇ. ಕಛೇರಿ ಹಾಕಿದಾಗಲೂ ಫ್ಯಾನ್ ಕೂಗುತ್ತಿದ್ದರೆ ಒಳಗೆ ಧೂಳು ತುಂಬಿದೆ, ಇಲ್ಲವೇ ಚಿಪ್ ಮೇಲಿನ ಪೇಸ್ಟ್ ಒಣಗಿದೆ ಅಂತ ಅರ್ಥ. ಹಾಡು ನುಡಿಸಲು ಯಾವ ಕಂಪ್ಯೂಟರ್‌ಗೂ ಆಯಾಸ ಆಗಬಾರದು.

ಅಂಗಡಿಯವರು ತೋರಿಸಿದ ಆರನೇ ಜನರೇಷನ್ ಐ5 ಇಲ್ಲೇ ಸೋಲುವುದು. ಕಂಪನಿ ಆಫೀಸುಗಳಿಂದ ಬರುವ ಆ ಪುಟ್ಟ ಡಬ್ಬಿಗಳು ಗಟ್ಟಿಮುಟ್ಟಾಗಿರುತ್ತವೆ, ಬೆಲೆಯೂ ಕಡಿಮೆ. ಆಫೀಸ್ ಕೆಲಸಕ್ಕೆ ನಾನೂ ಒಳ್ಳೆಯದು ಅಂತೀನಿ. ಆದರೆ 4ಕೆ ಬ್ಲೂರೇ ಸಿನಿಮಾಗಳು ಇರುವುದು 10 ಬಿಟ್ ಎಚ್‌ಇವಿಸಿ ಅನ್ನುವ ಮಾದರಿಯಲ್ಲಿ. ಇಂಟೆಲ್‌ನಲ್ಲಿ ಅದನ್ನು ಪೂರ್ತಿ ಬಿಡಿಸುವ ಭಾಗ ಬಂದಿದ್ದು ಏಳನೇ ಜನರೇಷನ್‌ನಿಂದ. ಯೂಟ್ಯೂಬ್ ಈಗ ಜಾಸ್ತಿ ಬಳಸುತ್ತಿರುವ ಎವಿ1 ಅನ್ನುವ ಮಾದರಿಯನ್ನು ಬಿಡಿಸುವ ಭಾಗ ಬಂದಿದ್ದು ಹನ್ನೊಂದನೇ ಜನರೇಷನ್‌ನಿಂದ. ಆರನೇ ಜನರೇಷನ್‌ಗೆ ಎರಡೂ ಇಲ್ಲ. ಅದರ ಎಚ್‌ಡಿಎಂಐ ಕೂಡ ಸಾಮಾನ್ಯವಾಗಿ 1.4. ಅಂದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ಗೆ ನಿಲ್ಲುತ್ತದೆ. ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಎಂಟನೇ ಜನರೇಷನ್‌ನಿಂದ ಮೇಲಿನದನ್ನು. ಹತ್ತು ಸಾವಿರ ಉಳಿಯಿತು ಅಂತ ಅದನ್ನು ತಂದರೆ ಅದೇ ಗುಂಯ್ ಸದ್ದನ್ನು ಮತ್ತೆ ಮನೆಗೆ ತಂದಂತೆ.

ಎನ್100 ಬಂದಿದ್ದು 2023ರ ಆರಂಭದಲ್ಲಿ, ಎನ್150 ಬಂದಿದ್ದು 2025ರಲ್ಲಿ. ಎರಡಕ್ಕೂ ನಾಲ್ಕು ಕೋರ್, 6 ವ್ಯಾಟ್ ರೇಟಿಂಗ್. ಎಚ್‌ಇವಿಸಿ 10 ಬಿಟ್, ಯೂಟ್ಯೂಬ್‌ನ ಇನ್ನೊಂದು ಮಾದರಿಯಾದ ವಿಪಿ9, ಎವಿ1 ಮೂರನ್ನೂ ಬಿಡಿಸುವ ಭಾಗ ಒಳಗೇ ಇದೆ. 4ಕೆ ಸಿನಿಮಾ ಓಡುವಾಗಲೂ ಪ್ರೊಸೆಸರ್ ಆರಾಮಾಗಿ ಕೂತಿರುತ್ತದೆ. ಸಿನಿಮಾ ನೋಡಲು ಎರಡರಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಯಾವುದು ಅಗ್ಗವೋ ಅದನ್ನು ತಗೊಳ್ಳಿ. ಆದರೆ ಒಂದು ಎಚ್ಚರ. ಡಬ್ಬಿಯ ಮೇಲೆ 6 ವ್ಯಾಟ್ ಅಂತ ಇದ್ದರೂ ಕೆಲವು ತಯಾರಕರು ವೇಗ ಜಾಸ್ತಿ ಕಾಣಲಿ ಅಂತ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ನಲ್ಲಿ, 15, 20 ವ್ಯಾಟ್‌ವರೆಗೆ ಬಿಟ್ಟಿರುತ್ತಾರೆ. ಬಯೋಸ್ ಒಳಗೆ ಪವರ್ ಲಿಮಿಟ್ ಅನ್ನುವ ಜಾಗ ಹುಡುಕಿ, ಅದನ್ನು 8 ಅಥವಾ 10ಕ್ಕೆ ಇಳಿಸಿ. ಸಿನಿಮಾ, ಹಾಡು ಎರಡಕ್ಕೂ ಏನೂ ಕಡಿಮೆ ಆಗುವುದಿಲ್ಲ. ಕರೆಂಟ್ ಬಿಲ್‌ಗೂ ಒಳ್ಳೆಯದು. ಸರಾಸರಿ 10 ವ್ಯಾಟ್ ತಿನ್ನುವ ಡಬ್ಬಿ ಹಗಲು ರಾತ್ರಿ ಚಾಲೂ ಇದ್ದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ ಅಷ್ಟೇ.

ಮಗನ ರೈಸನ್ 7 ಬಗ್ಗೆ. ಅವನು ಹೇಳುವುದು ತಪ್ಪಲ್ಲ, ಚಿಪ್ ಬಹಳ ಶಕ್ತಿಯದ್ದು. ಆಟ ಆಡಬೇಕು, ವಿಡಿಯೋ ಎಡಿಟ್ ಮಾಡಬೇಕು ಅಂದರೆ ಅದೇ ಬೇಕು. ಆದರೆ ಅದು ಕೆಲಸ ಬಿದ್ದಾಗ 35ರಿಂದ 50 ವ್ಯಾಟ್ ಎಳೆಯುತ್ತದೆ. ಅಷ್ಟು ಬಿಸಿ ಹೊರಹಾಕಲು ಅಂಗೈ ಅಗಲದ ಡಬ್ಬಿಯಲ್ಲಿ ಫ್ಯಾನ್ ಬೇಕೇ ಬೇಕು. ಎವಿ1 ಬೇಕಾದರೆ ರೈಸನ್ 6000 ಸಾಲಿನಿಂದ ಮೇಲಿನದೇ ಆಗಬೇಕು, ಅಗ್ಗಕ್ಕೆ ಸಿಗುವ 5000 ಸಾಲಿನದಕ್ಕೆ ಅದಿಲ್ಲ. ನಿಮ್ಮ ಹಾಲ್‌ಗೆ ಆ ಶಕ್ತಿಯ ಅವಶ್ಯಕತೆ ಇಲ್ಲ. ಮಗನಿಗೆ ಓದಿಗೆ, ಆಟಕ್ಕೆ ಬೇಕಿದ್ದರೆ ಅವನ ಕೋಣೆಗೆ ಬೇರೆ ತಗೊಳ್ಳಿ.

ರಾಸ್ಪ್‌ಬೆರಿ ಪೈ 5 ಒಳ್ಳೆಯ ಬೋರ್ಡ್. ಟಿವಿ ರಿಮೋಟ್‌ನಿಂದಲೇ ನಡೆಸಬಹುದು, ಅದು ದೊಡ್ಡ ಅನುಕೂಲ. ಎಚ್‌ಇವಿಸಿ 4ಕೆ ಸರಾಗವಾಗಿ ಬಿಡಿಸುತ್ತದೆ. ಆದರೆ ಎವಿ1, ವಿಪಿ9 ಬಿಡಿಸುವ ಭಾಗ ಅದಕ್ಕಿಲ್ಲ. ಹಳೆಯ ಎಚ್.264ಕ್ಕೂ ಇಲ್ಲ, ಅದನ್ನು ಪ್ರೊಸೆಸರ್ ಮೇಲೆಯೇ ನಡೆಸುತ್ತದೆ. 1080 ಗಾತ್ರದ ಚಿತ್ರಕ್ಕೆ ತೊಂದರೆ ಇಲ್ಲ. ಬೋರ್ಡ್, 5 ಆಂಪಿಯರ್ ಅಡಾಪ್ಟರ್, ಲೋಹದ ಕೇಸ್, ಕಾರ್ಡ್, ಮೈಕ್ರೋ ಎಚ್‌ಡಿಎಂಐ ಕೇಬಲ್ ಎಲ್ಲಾ ಕೂಡಿಸಿದರೆ ಎನ್100 ಡಬ್ಬಿಯ ಹತ್ತಿರ ಹತ್ತಿರ ಬರುತ್ತದೆ. ಬಿಚ್ಚಿ ಜೋಡಿಸುವ ಹವ್ಯಾಸ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಬೇಡ.

ಫ್ಯಾನ್ ಇರುವುದೋ ಇಲ್ಲದ್ದೋ? ನಮ್ಮ ಊರಿಗೆ ನಾನು ಇಲ್ಲದ್ದನ್ನೇ ಹೇಳುತ್ತೇನೆ, ಮುಖ್ಯ ಕಾರಣ ಧೂಳು. ಎರೆಮಣ್ಣಿನ ಧೂಳು ಎಷ್ಟು ನುಣುಪು ಅಂತ ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಟಿವಿ ಮೇಲೆ ಸಂಜೆಗೆ ಬೆರಳಲ್ಲಿ ಗೆರೆ ಎಳೆಯಬಹುದು. ಫ್ಯಾನ್ ಈ ಧೂಳನ್ನು ಎಳೆದು ರೇಡಿಯೇಟರ್ ಪಟ್ಟಿಗಳ ಮಧ್ಯೆ ಕೂರಿಸುತ್ತದೆ. ಹತ್ತಿ ಜಿನ್ನಿಂಗ್ ಗಿರಣಿ ಪಕ್ಕದಲ್ಲಿದ್ದರೆ ನಾರೂ ಸೇರಿ ಮೆತ್ತೆ ಕಟ್ಟುತ್ತದೆ. ಗಾಳಿಗೆ ದಾರಿ ಇಲ್ಲದೆ ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಕೊನೆಗೆ ಧೂಳು ಬೇರಿಂಗ್‌ಗೆ ಹೋಗಿ ಕರಕರ ಶುರು. ಹೊಸದರಲ್ಲಿ ಸದ್ದಿಲ್ಲದೆ ಇದ್ದ ಡಬ್ಬಿ ಒಂದೆರಡು ವರ್ಷಕ್ಕೆ ಕೂಗಲು ಶುರುಮಾಡುವುದು ಹೀಗೆಯೇ. ಫ್ಯಾನ್ ಇಲ್ಲದ ಡಬ್ಬಿಗೆ ಈ ರೋಗ ಇಲ್ಲ. ಮೇಲೆ ಕೂತ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಬೇಸಿಗೆ ತಡೆಯುತ್ತದಾ ಅಂತ ಕೇಳಿದ್ದೀರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 38, 39 ಡಿಗ್ರಿ ಮುಟ್ಟಿದರೂ ಮನೆಯೊಳಗೆ 34, 35 ಅಂದುಕೊಳ್ಳೋಣ. ಎನ್100 ಚಿಪ್ ತಡೆಯುವ ಮಿತಿ 105 ಡಿಗ್ರಿ. ಅದನ್ನು ದಾಟುವ ಮೊದಲೇ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. 8, 10 ವ್ಯಾಟ್ ಬಿಸಿಯನ್ನು ಒಳ್ಳೆಯ ಲೋಹದ ಡಬ್ಬಿ ಸುಲಭವಾಗಿ ಹೊರಗೆ ಬಿಡುತ್ತದೆ. ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತದೆ. ಹೆದರಬೇಡಿ, ಬಿಸಿ ಹೊರಗೆ ಬರುತ್ತಿದೆ ಅಂತಲೇ ಅದರ ಅರ್ಥ. ಡಬ್ಬಿ ಆರಿಸುವಾಗ ತೂಕ ನೋಡಿ. ಕೈಯಲ್ಲಿ ಹಿಡಿದರೆ ಭಾರ ಅನಿಸಬೇಕು, ಮೇಲೆ ಗೆರೆಗೆರೆಯಾದ ಪಟ್ಟಿಗಳಿರಬೇಕು. ಹಗುರಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಫ್ಯಾನೂ ಇಲ್ಲ ಅಂದರೆ ಅದನ್ನು ಬಿಟ್ಟುಬಿಡಿ. ಝೋಟ್ಯಾಕ್‌ನ ಝೆಡ್‌ಬಾಕ್ಸ್ ಸಿ ಸಾಲು, ಏಸಸ್ ಪಿಎನ್42ರ ಫ್ಯಾನ್ ಇಲ್ಲದ ಮಾದರಿ ನೋಡಬಹುದಾದವು. ಇವುಗಳಲ್ಲಿ ಯಾವುದು ಒಳ್ಳೆಯ ವಾರಂಟಿಯೊಂದಿಗೆ ನಿಮ್ಮ ಬಜೆಟ್‌ಗೆ ಸಿಗುತ್ತದೋ ನೋಡಿ. ರ‍್ಯಾಮ್ ಬೆಲೆ ಏರಿಳಿಯುತ್ತಲೇ ಇರುತ್ತದೆ, ರ‍್ಯಾಮ್ ಹಾಕಿಯೇ ಬರುತ್ತದಾ ಅಥವಾ ಬರೀ ಡಬ್ಬಿಯಾ ಅಂತ ಕೇಳಿಕೊಂಡು ದುಡ್ಡು ಕೊಡಿ.

ಒಂದು ವೇಳೆ ಫ್ಯಾನ್ ಇರುವುದೇ ಸಿಕ್ಕರೆ ಕೈಚೆಲ್ಲಬೇಡಿ. ನಮ್ಮ ಕಡೆಯ ಹವೆ ಒಂದು ಉಪಕಾರ ಮಾಡುತ್ತದೆ. ಡಬ್ಬಿಯ ಫ್ಯಾನ್ ಜೋರಾಗುವುದು ಬೇಸಿಗೆಯಲ್ಲಿ. ಆಗ ಹಾಲ್‌ನ ಸೀಲಿಂಗ್ ಫ್ಯಾನೂ ತಿರುಗುತ್ತಿರುತ್ತದೆ, ಅದರ ಸದ್ದಿನಲ್ಲಿ ಇದು ಮುಚ್ಚಿಹೋಗುತ್ತದೆ. ದೀಪಾವಳಿ ದಾಟಿ ಸೀಲಿಂಗ್ ಫ್ಯಾನ್ ಆಫ್ ಮಾಡುವ ಹೊತ್ತಿಗೆ ಕೋಣೆಯೇ ತಂಪಾಗಿರುತ್ತದೆ, ಡಬ್ಬಿಯ ಫ್ಯಾನ್ ನಿಧಾನಕ್ಕೆ ತಿರುಗುತ್ತದೆ. ಬಯೋಸ್‌ನಲ್ಲಿ ವ್ಯಾಟ್ ಇಳಿಸಿ, ಫ್ಯಾನ್ ವೇಗವನ್ನು ಏರಿಳಿಯದ ಹಾಗೆ ಒಂದು ಕಡಿಮೆ ಮಟ್ಟಕ್ಕೆ ಕಟ್ಟಿಹಾಕಿ. ಚಿಪ್ ಬಿಸಿ 80 ಡಿಗ್ರಿವರೆಗೆ ಹೋದರೂ ಪರವಾಗಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದಸರೆಗೊಮ್ಮೆ ಅಂತ ಇಟ್ಟುಕೊಂಡು, ಬಿಚ್ಚಿ ಬ್ರಷ್‌ನಿಂದ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ.

ಎಲ್ಲಿ ಇಡುತ್ತೀರಿ ಅನ್ನುವುದೂ ಚಿಪ್‌ನಷ್ಟೇ ಮುಖ್ಯ. ಬಡಗಿ ಮಾಡಿಕೊಟ್ಟ ಟಿವಿ ಕಪಾಟಿನಲ್ಲಿ ಬಾಗಿಲು ಮುಚ್ಚಿ ಇಟ್ಟರೆ ಎರಡು ತೊಂದರೆ. ಒಳಗಿನ ಗಾಳಿ ಕಾದು ಕೂರುತ್ತದೆ. ಜೊತೆಗೆ ತೆಳುವಾದ ಪ್ಲೈವುಡ್ ಹಲಗೆ ಡಬ್ಬಿಯ ಸಣ್ಣ ನಡುಕವನ್ನೂ ತಂಬೂರಿಯ ಬುರುಡೆಯ ಹಾಗೆ ದೊಡ್ಡದು ಮಾಡಿ ಕೇಳಿಸುತ್ತದೆ. ಬೆರಳ ದಪ್ಪದ ರಬ್ಬರ್ ತುಂಡು ನಾಲ್ಕು ಮೂಲೆಗೆ ಇಟ್ಟರೆ ಅರ್ಧ ಗುಂಯ್ ಅಲ್ಲೇ ನಿಲ್ಲುತ್ತದೆ. ಸುಮ್ನೆ ಹೇಳುತ್ತಿಲ್ಲ, ಈಗಿರುವ ಲ್ಯಾಪ್‌ಟಾಪ್‌ಗೇ ಇವತ್ತು ರಾತ್ರಿ ಮಾಡಿ ನೋಡಿ. ರಿಸೀವರ್ ಮೇಲಂತೂ ಡಬ್ಬಿ ಇಡಲೇಬೇಡಿ, ಅದೇ ಒಂದು ಒಲೆ. ಇನ್ನೊಂದು ದಾರಿಯೂ ಇದೆ. ಗೋಡೆಯ ಆಚೆ ಮಲಗುವ ಕೋಣೆಯೋ ಓದುವ ಕೋಣೆಯೋ ಇದ್ದರೆ, ಪೈಪ್‌ನಲ್ಲಿ ಎಚ್‌ಡಿಎಂಐ ಕೇಬಲ್ ಹಾಯಿಸಿ ಡಬ್ಬಿಯನ್ನು ಅಲ್ಲಿಯೇ ಇಡಬಹುದು. ಐದು ಮೀಟರ್‌ವರೆಗೆ 18 ಗಿಗಾಬಿಟ್ ಪ್ರಮಾಣೀಕೃತ ಕೇಬಲ್ ನಡೆಯುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಿಸಿ.

ಎಲ್ಲ ಸದ್ದೂ ಫ್ಯಾನ್‌ನಿಂದಲೇ ಬರುವುದಿಲ್ಲ. ಹೊಸ ಡಬ್ಬಿ ತಂದ ಮೇಲೆಯೂ ಏನೋ ಕೇಳುತ್ತಿದೆ ಅಂದರೆ ಮೊದಲು ಹಾರ್ಡ್‌ಡಿಸ್ಕ್ ಮೇಲೆ ಕಿವಿ ಇಡಿ. ದೊಡ್ಡ ಡಿಸ್ಕ್‌ಗಳು ತಿರುಗುವ ಸದ್ದು, ಓದುವಾಗಿನ ಟಿಕಟಿಕ ರಾತ್ರಿ ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಅಡಾಪ್ಟರ್. ಕೆಲವು ಅಗ್ಗದ ಅಡಾಪ್ಟರ್‌ಗಳು ಸಣ್ಣಗೆ ಕಿರ್ ಅನ್ನುತ್ತವೆ, ವಯಸ್ಸಾದವರಿಗೆ ಕೇಳಿಸದೆ ಮಕ್ಕಳಿಗೆ ಕೇಳಿಸುತ್ತದೆ. ಮಗನನ್ನು ಕರೆದು ಕೇಳಿಸಿ.

ಮೂರನೆಯದು ಸ್ಪೀಕರ್‌ನಿಂದಲೇ ಬರುವ ಹೂಂ ಅನ್ನುವ ದಪ್ಪ ಸದ್ದು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನಮ್ಮ ಭಾಗದಲ್ಲಿ ಇದು ಬಹಳ. ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಸ್ಪೀಕರ್‌ಗೆ ನುಸುಳಿದಾಗ ಹೀಗಾಗುತ್ತದೆ. ಒಂದು ಪರೀಕ್ಷೆ ಮಾಡಿ. ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಶ್ ಅಥವಾ ಕೇಬಲ್ ತಂತಿಯನ್ನು ಬಿಚ್ಚಿ. ಹೂಂ ನಿಂತರೆ ಆ ತಂತಿಯಿಂದಲೇ ಬರುತ್ತಿದೆ ಅಂತ ಅರ್ಥ. ಟಿವಿ, ರಿಸೀವರ್, ಕಂಪ್ಯೂಟರ್ ಮೂರನ್ನೂ ಒಂದೇ ಸಾಕೆಟ್‌ನ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಅರ್ಥಿಂಗ್ ನೋಡಿಸಿ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಪೈಪ್‌ಗೂ ಮಣ್ಣಿಗೂ ಇರುವ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ಇಲ್ಲದ ಹೂಂ ಬೇಸಿಗೆಯಲ್ಲಿ ಬಂತು ಅಂದರೆ ಇದನ್ನೇ ಮೊದಲು ಸಂಶಯಪಡಿ. ಅಂಗಳದಲ್ಲಿರುವ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನಾಲ್ಕು ಕೊಡ ನೀರು ಹಾಕುವುದು ಮನೆಯ ಸುರಕ್ಷತೆಗೂ ಬೇಕು. ಹೂಂ ನಿಲ್ಲಿಸಲು ಪ್ಲಗ್‌ನ ದೊಡ್ಡ ಪಿನ್ ತೆಗೆದುಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಜೀವದ ಜೊತೆ ಆಟ. ಕರೆಂಟ್ ಹೋದಾಗ ಮಾತ್ರ ಹೂಂ ಬರುತ್ತಿದ್ದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು. ಸೈನ್ ವೇವ್ ಇನ್ವರ್ಟರ್‌ಗೆ ಆ ತೊಂದರೆ ಇಲ್ಲ. ಕರೆಂಟ್ ಹೋಗಿ ಬಂದಾಗ ಡಬ್ಬಿ ತಾನಾಗಿ ಚಾಲೂ ಆಗಬೇಕಾದರೆ ಅದಕ್ಕೂ ಬಯೋಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಪವರ್ ಮರಳಿದಾಗ ಆನ್ ಅಂತ ಹಾಕಿ.

ಜೋಡಣೆ ಹೀಗಿರಲಿ. ಮಿನಿ ಪಿಸಿಯಿಂದ ರಿಸೀವರ್‌ಗೆ, ರಿಸೀವರ್‌ನಿಂದ ಟಿವಿಗೆ. ಆಗ ಬ್ಲೂರೇಯ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್ ಎಚ್‌ಡಿ ಧ್ವನಿ ಹಾಗೆಯೇ ರಿಸೀವರ್‌ಗೆ ತಲುಪುತ್ತದೆ. ರಿಸೀವರ್ ಹಳೆಯದಾಗಿ 4ಕೆ 60 ಫ್ರೇಮ್ ದಾಟಿಸದಿದ್ದರೆ ಪಿಸಿಯನ್ನು ನೇರ ಟಿವಿಗೆ ಹಾಕಿ, ಧ್ವನಿಯನ್ನು ಎಆರ್‌ಸಿ ಮೂಲಕ, ಅಂದರೆ ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ಕೇಬಲ್‌ನಲ್ಲೇ, ವಾಪಸ್ ತರಬೇಕಾಗುತ್ತದೆ. ಆದರೆ ಬರೀ ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಹಾಯುವುದಿಲ್ಲ, ಅದಕ್ಕೆ ಅದರ ಹೊಸ ರೂಪವಾದ ಇಎಆರ್‌ಸಿ ಬೇಕು. ಟಿವಿ, ರಿಸೀವರ್ ಎರಡರಲ್ಲೂ ಇರಬೇಕು. ಡಬ್ಬಿಯ ಎಚ್‌ಡಿಎಂಐ 2.0 ಅಥವಾ ಮೇಲಿನದು ಇರಲಿ, ಗಿಗಾಬಿಟ್ ಲ್ಯಾನ್ ಇರಲಿ.

ನೆಟ್‌ಫ್ಲಿಕ್ಸ್, ಪ್ರೈಮ್ ಥರದವನ್ನು ಮಿನಿ ಪಿಸಿಯಲ್ಲಿ ನೋಡುವ ಆಸೆ ಬಿಡಿ. ಕಾಪಿ ತಡೆಯುವ ನಿಯಮಗಳಿಂದಾಗಿ ಕಂಪ್ಯೂಟರ್‌ಗೆ ಎಷ್ಟೋ ಸಲ 4ಕೆ ಬರುವುದೇ ಇಲ್ಲ, ಲಿನಕ್ಸ್‌ನಲ್ಲಂತೂ ಇನ್ನೂ ಕಡಿಮೆ. ನಿಮ್ಮ ಟಿವಿಯ ಆಪ್ ಅಥವಾ ಒಂದು ಸ್ಟಿಕ್ ಅದನ್ನು ಚೆನ್ನಾಗಿ ಮಾಡುತ್ತದೆ. ಅದಕ್ಕೂ ಫ್ಯಾನ್ ಇಲ್ಲ. ನಿಮ್ಮ ಮನೆಯಲ್ಲಿ ಸ್ವಂತ ಫೈಲ್‌ಗಳು ಇರದಿದ್ದರೆ ನಾನು ಮಿನಿ ಪಿಸಿಯೇ ಬೇಡ ಅನ್ನುತ್ತಿದ್ದೆ.

ಸಾಫ್ಟ್‌ವೇರ್ ವಿಷಯದಲ್ಲಿ ನನ್ನ ಒಲವು ಲಿಬ್ರೆಎಲೆಕ್ ಕಡೆ, ಅದು ವಿಂಡೋಸ್ ಬದಲಿಗೆ ಹಾಕುವ ಒಂದು ಪುಟ್ಟ ಲಿನಕ್ಸ್. ಕಂಪ್ಯೂಟರ್ ಆನ್ ಮಾಡಿದರೆ ನೇರ ಕೋಡಿ ಅನ್ನುವ ಪ್ಲೇಯರ್ ತೆರೆದುಕೊಳ್ಳುತ್ತದೆ. ಅಪ್ಡೇಟ್ ಬಂತು, ರೀಸ್ಟಾರ್ಟ್ ಮಾಡು ಅಂತ ಕಛೇರಿ ಮಧ್ಯೆ ಕೇಳುವುದಿಲ್ಲ. ಹಿನ್ನೆಲೆಯಲ್ಲಿ ಹೆಚ್ಚು ಕೆಲಸ ಇರುವುದಿಲ್ಲ, ಹಾಗಾಗಿ ಡಬ್ಬಿ ತಂಪಾಗಿರುತ್ತದೆ. ಉಚಿತವೂ ಹೌದು. ಅಪ್ಪ ಒಬ್ಬರೇ ಇದ್ದಾಗಲೂ ಹಚ್ಚಿಕೊಳ್ಳಬಹುದು, ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೋಡಿಯೊಳಗೆ ಎರಡು ಸೆಟ್ಟಿಂಗ್ ಮರೆಯಬೇಡಿ. ಒಂದು, ಚಿತ್ರದ ಫ್ರೇಮ್ ದರಕ್ಕೆ ತಕ್ಕಂತೆ ಟಿವಿಯ ದರ ಬದಲಾಗುವ ಆಯ್ಕೆ. ಸಿನಿಮಾ 24 ಫ್ರೇಮ್, ದೂರದರ್ಶನದ ಹಳೆಯ ಕಾರ್ಯಕ್ರಮಗಳು 25 ಫ್ರೇಮ್. ಟಿವಿ 60ರಲ್ಲೇ ಉಳಿದರೆ ಕ್ಯಾಮರಾ ಪಕ್ಕಕ್ಕೆ ಸರಿಯುವಾಗ ಚಿತ್ರ ತಡವರಿಸುತ್ತದೆ. ಇನ್ನೊಂದು, ಧ್ವನಿಯ ದರ. ಫೈಲ್‌ಗಳು ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲಿದ್ದರೆ ಹಾಗೆಯೇ ಹೋಗಲಿ, 48ಕ್ಕೆ ಬದಲಾಯಿಸುವುದು ಬೇಡ. ಕಛೇರಿ ಕೇಳುವಾಗ ರಿಸೀವರ್ ಅನ್ನು ಸ್ಟೀರಿಯೋಗೆ ಇಡಿ. ಐದು ಸ್ಪೀಕರ್‌ಗೂ ಹಂಚಿದರೆ ಗಾಯಕರು ಎದುರಿಗೆ ಕೂತ ಹಾಗೆ ಅನಿಸುವುದಿಲ್ಲ. ಕ್ಯಾಸೆಟ್‌ನ ಸುಯ್ ಸದ್ದು ತೆಗೆಯುತ್ತೇನೆ ಅಂತ ಯಾರಾದರೂ ಫೈಲ್‌ಗಳನ್ನು ಜೋರಾಗಿ ಸೋಸಿದರೆ ತಂಬೂರಿಯ ಜವಾರಿಯೂ, ಅಂದರೆ ತಂತಿಯ ಆ ಝೇಂಕಾರವೂ, ಅದರ ಜೊತೆ ಹೋಗುತ್ತದೆ. ಮೂಲ ಫೈಲ್ ಮುಟ್ಟಬೇಡಿ, ಬೇಕಾದರೆ ಪ್ರತಿ ಮಾಡಿಕೊಂಡು ಪ್ರಯತ್ನಿಸಿ.

ರಿಮೋಟ್‌ಗೆ ಬರುತ್ತೇನೆ. ಹೆಚ್ಚಿನ ಮಿನಿ ಪಿಸಿಗಳ ಎಚ್‌ಡಿಎಂಐ ಟಿವಿ ರಿಮೋಟ್‌ನ ಮಾತು ಕೇಳುವುದಿಲ್ಲ. ಹಾಗಾಗಿ ಯುಎಸ್‌ಬಿ ಡಾಂಗಲ್ ಇರುವ ಒಂದು ಪುಟ್ಟ ರಿಮೋಟ್ ತಗೊಳ್ಳಿ. ಡಾಂಗಲ್ ಅನ್ನು ಯುಎಸ್‌ಬಿ 3 ಡಿಸ್ಕ್‌ನ ಪಕ್ಕದಲ್ಲೇ ಚುಚ್ಚಬೇಡಿ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗಲಾಟೆ ಎಬ್ಬಿಸುತ್ತದೆ, ರಿಮೋಟ್ ಬಟನ್ ಒತ್ತಿದರೂ ತಲುಪುವುದಿಲ್ಲ. ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ಮುಂದೆ ತಂದರೆ ಸಾಕು.

ಅಂಗಡಿಯಲ್ಲಿ ಸದ್ದು ಪರೀಕ್ಷೆ ಮಾಡಲು ಹೋಗಬೇಡಿ. ಕೊಪ್ಪಿಕರ ರಸ್ತೆಯ ಗದ್ದಲದಲ್ಲಿ ಯಾವ ಡಬ್ಬಿಯೂ ಸದ್ದಿಲ್ಲದ್ದೇ. ವಾಪಸ್ ಕೊಡುವ ಅವಧಿ ಎಷ್ಟು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಮನೆಗೆ ತಂದ ರಾತ್ರಿಯೇ, ಹತ್ತು ಗಂಟೆ ದಾಟಿದ ಮೇಲೆ, ಸೀಲಿಂಗ್ ಫ್ಯಾನ್ ಆಫ್ ಮಾಡಿ. ಮೊದಲು ಒಂದು 4ಕೆ ಸಿನಿಮಾವನ್ನು ಅರ್ಧ ಗಂಟೆ ಓಡಿಸಿ ಡಬ್ಬಿ ಕಾಯಿಸಿ. ಆಮೇಲೆ ಅಪ್ಪನಿಗೆ ತುಂಬಾ ಇಷ್ಟದ ಒಂದು ವಿಲಂಬಿತ್ ಹಚ್ಚಿ, ಅವರು ದಿನಾ ಕೂರುವ ಜಾಗದಲ್ಲೇ ಅವರನ್ನು ಕೂರಿಸಿ ಕೇಳಿ. ತೀರ್ಪು ಅವರದ್ದೇ ಆಗಲಿ. ಪೆಟ್ಟಿಗೆಯ ಮೇಲೆ ಬರೆದ ಡೆಸಿಬಲ್ ಅಂಕಿಯನ್ನು ಎಷ್ಟು ದೂರದಿಂದ ಅಳೆದರು ಅಂತ ತಿಳಿಯದೆ ನಂಬಲು ಬರುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಎಸೆಯಬೇಡಿ. ಅದನ್ನು ರೌಟರ್ ಇರುವ ಕೋಣೆಗೆ ಕಳಿಸಿ, ಹಾರ್ಡ್‌ಡಿಸ್ಕ್ ಅನ್ನೂ ಅದರ ಜೊತೆಗೆ ಕಳಿಸಿ. ಫೈಲ್‌ಗಳನ್ನು ಮನೆಯ ನೆಟ್‌ವರ್ಕ್‌ನಲ್ಲಿ ಹಂಚುವ ಕೆಲಸ ಅದಕ್ಕೆ ಕೊಡಿ. ಅಲ್ಲಿಂದ ಹಾಲ್‌ಗೆ ಒಂದು ಲ್ಯಾನ್ ಕೇಬಲ್ ಎಳೆಸಿ. 4ಕೆ ಬ್ಲೂರೇ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಹೋಗಬಹುದು, ಗಿಗಾಬಿಟ್ ಲ್ಯಾನ್‌ಗೆ ಅದು ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಗಿಗಾಬಿಟ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಅಪ್ಪನ ಕಛೇರಿಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿ, ಬೇರೆ ಮನೆಯಲ್ಲಿ, ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಕ್ಯಾಸೆಟ್‌ಗಳು ಹಾಳಾದರೆ ಆ ಸಂಗೀತ ಮತ್ತೆ ಸಿಗುವುದಿಲ್ಲ. ಲ್ಯಾಪ್‌ಟಾಪ್ ಹಗಲು ರಾತ್ರಿ ಚಾರ್ಜರ್ ಮೇಲೆ ಇರುತ್ತದೆ, ಅದಕ್ಕೆ ಮೊದಲು ಬ್ಯಾಟರಿ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಸಮತಟ್ಟಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿದೆ. ಅದನ್ನು ಮನೆಯಲ್ಲಿ ನೀವೇ ಕೀಳಬೇಡಿ, ರಿಪೇರಿಯವರ ಕೈಯಲ್ಲಿ ತೆಗೆಸಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆಯೂ ಚಾರ್ಜರ್ ಮೇಲೆ ನಡೆಯುತ್ತವೆ, ತೆಗೆಸುವಾಗಲೇ ನಿಮ್ಮದು ನಡೆಯುತ್ತದಾ ಅಂತ ಅವರ ಮುಂದೆಯೇ ಆನ್ ಮಾಡಿಸಿ ನೋಡಿ.